ಹೆಸರಿಲ್ಲದ ಆಟಗಾರರು

ಧಾರವಾಡ
೨ ಆಗಸ್ಟ್ ೨೦೦೬

ರಾಜರತ್ನ ಅವರಿಗೆ,

ಜೈ ಭೀಮ. ಇಲ್ಲಿ ನಾನೂ ನಿಮ್ಮ ತಾಯಿಯೂ ಆರಾಮವಾಗಿದ್ದೇವೆ. ನೀವು ಕೊರಿಯರಿನಲ್ಲಿ ಕಳಿಸಿದ ಲಕೋಟೆ ಶನಿವಾರ ಬಂತು. ಒಳಗೆ ನಿಮ್ಮ ಕೈಬರಹದ ಒಂದು ಸಾಲಾದರೂ ಇರಬಹುದೆಂದು ಹುಡುಕಿದೆ. ಇರಲಿಲ್ಲ. ಇದ್ದದ್ದು ಒಪ್ಪಂದದ ಕಾಗದ ಮಾತ್ರ. ನಾವಿಬ್ಬರೂ ಪಾಲುದಾರರಾಗಿ ಕಟ್ಟಿದ ‘ಮೈದಾನ’ ಎಂಬ ಕಂಪ್ಯೂಟರ್ ಕ್ರಿಕೆಟ್ ಆಟವನ್ನು ಪುಣೆಯ ನಿಮ್ಮ ಕಂಪನಿಗೆ ಮಾರಿಬಿಡುವುದು, ವ್ಯಾಪಾರದ ಏಕಸ್ವಾಮ್ಯ ತಡೆಯುವ ದೆಹಲಿಯ ಆಯೋಗಕ್ಕೆ ನಾನು ಕೊಟ್ಟ ದೂರನ್ನು ಹಿಂದಕ್ಕೆ ಪಡೆಯುವುದು. ನಿಮ್ಮ ಸಹಿ ಆಗಲೇ ಬಿದ್ದಿದೆ. ನಾನು ಎಲ್ಲಿ ಸಹಿ ಹಾಕಬೇಕೆಂಬುದಕ್ಕೆ ಯಾರೋ ಪೆನ್ಸಿಲಿನಿಂದ ಗುರುತು ಮಾಡಿದ್ದಾರೆ.

ಈ–ಮೇಲ್ ಮಾಡಬಹುದಿತ್ತು. ನಿಮ್ಮ ಆಫೀಸಿನಲ್ಲಿ ಅದನ್ನು ಯಾರು ಯಾರು ಓದುತ್ತಾರೋ ನನಗೆ ತಿಳಿಯದು. ಫೋನ್ ಹಿಡಿದರೆ ಎರಡನೆಯ ಮಾತಿಗೇ ಇಬ್ಬರ ದನಿಯೂ ಏರುತ್ತದೆ, ಅತ್ತೆ ಟಿ.ವಿ.ಯ ದನಿ ತಗ್ಗಿಸಿ ಕಿವಿಗೊಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆದರೆ ಬೇಸರ ಮಾಡಿಕೊಳ್ಳಬೇಡಿ. ಪುಣೆಗೆ ಹೋದ ಮೇಲೆ ನೀವು ಎಲ್ಲವನ್ನೂ ಬೇರೆ ಥರ ನೆನಪಿಟ್ಟುಕೊಂಡಿದ್ದೀರಿ ಅನ್ನಿಸತೊಡಗಿದೆ.

ಲಕಮನಹಳ್ಳಿಯ ಆ ಶೆಡ್ಡಿನಲ್ಲಿ ನಾವು ಶುರು ಮಾಡಿದಾಗ ಎಂಟು ಊರಿನ ತಂಡಗಳ ನಗರ ಲೀಗ್ ಯಾರು ಬಂದು ಕೇಳಿದರೂ ತನ್ನ ಹೆಸರುಗಳನ್ನು ಕೊಡುತ್ತಿತ್ತು. ತಂಡದ ಹೆಸರು, ಆಟಗಾರರ ಹೆಸರು, ಅಂಗಿಯ ಬಣ್ಣ, ಎಲ್ಲ. ನಾವು ಕೊಂಡೆವು, ಚೆನ್ನೈನವರು ಕೊಂಡರು, ಪುಣೆಯವರೂ ಕೊಂಡರು. ಅಂಗಡಿಯ ಕಪಾಟಿನಲ್ಲಿ ಮೂರು ಆಟ, ಮೂರರಲ್ಲೂ ಅವೇ ಹೆಸರುಗಳು. ಹೀಗಾಗಿ ಹೆಸರಿನಿಂದ ಯಾರೂ ಗೆಲ್ಲುವ ಹಾಗಿರಲಿಲ್ಲ. ಆಟ ಚಲೋ ಇರಬೇಕಿತ್ತು. ಚೆನ್ನೈನವರು ಮಳೆಯಲ್ಲಿ ನೆನೆದ ಪಿಚ್ ತಂದಾಗ ನನಗೆ ಎಷ್ಟು ಹೊಟ್ಟೆಕಿಚ್ಚಾಗಿತ್ತು, ನೆನಪಿದೆಯೇ? ಅದಕ್ಕೇ ನಾನು ಹಟಕ್ಕೆ ಬಿದ್ದು ಚೆಂಡಿನ ತಿರುವಿಗೆ ಪ್ರೋಗ್ರಾಮ್ ಬರೆದೆ. ನಮ್ಮ ತಿರುವು ನೋಡಿ ಪುಣೆಯವರು, ಅಲ್ಲಿಯವರೆಗೆ ಲೈಟಿನ ಕಂಬದ ಹಾಗೆ ನಿಂತಿರುತ್ತಿದ್ದ ತಮ್ಮ ಫೀಲ್ಡರುಗಳಿಗೆ ಓಡಲು ಕಲಿಸಿದರು. ಒಬ್ಬರು ಇನ್ನೊಬ್ಬರನ್ನು ಓಡಿಸುತ್ತಿದ್ದೆವು.

ಆಮೇಲೆ ನಾನು ಬೆಲೆ ಇಳಿಸಿದೆ. ಬ್ಯಾಡ ಅಂದಿರಿ ನೀವು. ಸಿನಿಮಾ ಟಿಕೀಟಿಗಿಂತ ತುಸು ಹೆಚ್ಚಿಗೆ ‘ಮೈದಾನ’ ಸಿಗಲಿ ಎಂದು ನಾನು ಹಟ ಹಿಡಿದೆ. ಆ ವರ್ಷ ದಸರಾದಲ್ಲಿ ಕೊಪ್ಪಿಕರ ರಸ್ತೆಯ ಗೌಸಮೊದ್ದೀನನ ಅಂಗಡಿಯಲ್ಲಿ ನಮ್ಮ ಡಬ್ಬಿಗಳು ಖಾಲಿಯಾದವು, ಪುಣೆಯವರೂ ಬೆಲೆ ಇಳಿಸಬೇಕಾಯಿತು. ನಾನು ಖುಷಿಪಟ್ಟೆ. ಅವರು ಬೆಲೆಯಲ್ಲಿ ನಮ್ಮನ್ನು ಸೋಲಿಸುವ ಬದಲು ಲೀಗನ್ನೇ ಕೊಂಡುಕೊಳ್ಳಬಹುದೆಂದು ನನಗೆ ಹೊಳೆದಿರಲಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಲೀಗಿನವರ ಸಭೆಗೆ ನೀವೊಬ್ಬರೇ ಹೋದಿರಿ. ಮರುದಿನ ಬೆಳಿಗ್ಗೆ ರೈಲು ಇಳಿದು, ಚೀಲ ಹೆಗಲಲ್ಲಿರುವಾಗಲೇ ನೇರ ಅಡುಗೆಮನೆಗೆ ಬಂದಿರಿ. ನಾನು ನೀರು ಕೊಟ್ಟೆ, ನೀವು ಕುಡಿಯಲಿಲ್ಲ. “ಐದು ವರ್ಷ ಹೆಸರು ಪುಣೆಯವರಿಗಷ್ಟ ಅಂತ ಸುಜಾತಾ, ಮತ್ತ ಯಾರಿಗೂ ಇಲ್ಲ” ಎಂದಿರಿ. ಆಮೇಲೆ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. “ಅವರ ಸಾಹೇಬ ಎಲ್ಲರ ಮುಂದ ನಕ್ಕೋತ ಹೇಳಿದ, ನಾವು ರೊಕ್ಕಾ ಕೊಡಾಕತ್ತಿದ್ದು ಹೆಸರಿಗಲ್ಲ, ಕಪಾಟಿನ್ಯಾಗ ಎರಡನೇ ಆಟ ಇರಬಾರದು ಅಂತ ಕೊಡಾಕತ್ತೇವಿ. ಬ್ಯಾರೆ ಕ್ರಿಕೆಟ್ ಆಟ ಇಟ್ಟ ಅಂಗಡಿಗೆ ನಮ್ಮ ಒಂದ ಡಬ್ಬೀನೂ ಹೋಗೂದಿಲ್ಲ. ಲೀಗಿನವರು ಹೂಂ ಅಂದ್ರು.”

ನಾಲ್ಕು ತಿಂಗಳಿಗೆ ನೀವೇ ಆ ಸಾಹೇಬರ ಕಂಪನಿ ಸೇರಿದಿರಿ.

ಆಮೇಲೆ ಇಲ್ಲಿ ಏನಾಯಿತು ನಿಮಗೆ ಗೊತ್ತಿಲ್ಲ. ಹೆಸರು ಬಳಸುವಂತಿಲ್ಲ ಎಂದು ನೋಟೀಸು ಬಂದ ಮೇಲೆ ಎಲ್ಲವನ್ನೂ ತೆಗೆದೆವು. ಆಟಗಾರರ ಹೆಸರು ಅಳಿಸುವುದು ಸುಲಭ, ಕಾಸಿಮಸಾಬರ ಕಾಮೆಂಟರಿ ಅಳಿಸುವುದು ಹೇಗೆ? ಅವರು ಹುಬ್ಬಳ್ಳಿಯ ಮೈದಾನಗಳಲ್ಲಿ ಮೈಕ್ ಹಿಡಿದು ಟೂರ್ನಮೆಂಟ್ ಹೇಳುವ ಧಾಟಿಯಲ್ಲೇ ಒಂದೊಂದು ಹೆಸರನ್ನೂ ನಮಗಾಗಿ ಕೂಗಿದ್ದರು. ಮತ್ತೆ ಕರೆಸಿದೆ. ಪಕ್ಕದ ಕಾರ್ಖಾನೆಯ ಲೇಥ್ ನಿಲ್ಲುವ ಊಟದ ಹೊತ್ತಿನಲ್ಲಿ ರೆಕಾರ್ಡ್ ಮಾಡಲು ಕೂತೆವು. ಎಡಗೈ ಬ್ಯಾಟ್ಸ್‌ಮನ್ ತೆರೆಯ ಮೇಲೆ ಬರುತ್ತಲೇ ಅವರು “ಬಂದಾ ನೋಡ್ರಿ ಸಾಳುಂಕೆ” ಎಂದುಬಿಟ್ಟರು. ನಿಲ್ಲಿಸಿದೆ. ಮತ್ತೆ ಶುರು ಮಾಡಿದರೆ ಮತ್ತೆ ಸಾಳುಂಕೆ. ಕಡೆಗೆ ಕಿವಿಯ ಹೆಡ್‌ಫೋನ್ ತೆಗೆದಿಟ್ಟು ಹೇಳಿದರು: “ಹೆಸರು ಬಿಟ್ಟು ಆಟಾ ಹ್ಯಾಂಗ ಹೇಳ್ಲಿ ತಂಗಿ? ನಮ್ಮವ್ವ ಸಾಯೂತನಕಾ ನಮ್ಮಪ್ಪನ ಹೆಸರು ಬಾಯಿಲೆ ಅನ್ನಲಿಲ್ಲ. ಅವರು ಬಂದ್ರು, ಅವರು ಉಂಡ್ರು ಅಂತಿದ್ಲು. ಹಂಗ ಹೇಳ್ಲೇನು?” ಹೇಳಿ ಎಂದೆ. “ಅವರು ಬಂದ್ರು, ಅವರು ಬ್ಯಾಟ್ ಎತ್ತಿದ್ರು, ಅವರು ಹೊಡದ್ರು ನೋಡ್ರಿ!” ನಾವೆಲ್ಲ ನಕ್ಕೆವು. ನಗುತ್ತಲೇ ನಾನು ಎದ್ದು ಹೊರಗೆ ಹೋದೆ.

ಹೆಸರಿಲ್ಲದ ‘ಮೈದಾನ’ವನ್ನು ಗೌಸಮೊದ್ದೀನ ಒಂದು ವಾರ ಇಟ್ಟುಕೊಂಡ. ಆಮೇಲೆ ತಾನೇ ಶೆಡ್ಡಿಗೆ ಬಂದು ಡಬ್ಬಿಗಳನ್ನು ವಾಪಸು ಇಳಿಸಿದ. “ಹೆಸರಿಲ್ಲ ಅಂತ ಅಲ್ರಿ ಅಕ್ಕಾರ. ಹುಡುಗ್ರು ಕೇಳಾಕತ್ತಿದ್ರು. ಆದ್ರ ನಿಮ್ಮದು ಇಟ್ರ ಅವರು ತಮ್ಮದು ಕೊಡೂದಿಲ್ಲ ಅಂದ್ರು. ನನಗ ಅಂಗಡಿ ನಡೀಬೇಕಲ್ರಿ” ಎಂದ. ಚೆನ್ನೈನವರು ಹೋದ ತಿಂಗಳು ಬಾಗಿಲು ಹಾಕಿದರು. ನಿಮ್ಮ ಕಂಪನಿಯ ಈ ವರ್ಷದ ಆಟವನ್ನು ನಾನೂ ಕೊಂಡು ಆಡಿದೆ. ಅಂಗಿ ಹೊಸವು, ಆಟ ಹಳೆಯದು, ಬೆಲೆ ಮೊದಲಿನದಕ್ಕಿಂತ ಹೆಚ್ಚು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವಕೀಲರು ಶಾಂತಯ್ಯನವರು ಕೇಳುವುದು ಒಂದೇ: ಆ ಕೋಣೆಯಲ್ಲಿ ಸಾಹೇಬರು ಆಡಿದ ಮಾತನ್ನು ಕೇಳಿದವರು ಯಾರು? ಅಂಗಡಿಯವರು ಹೆದರಿ ಬಾಯಿ ಬಿಡುತ್ತಿಲ್ಲ. ನಾನು ಹೇಳುತ್ತೇನೆ ಎಂದರೆ ಶಾಂತಯ್ಯನವರು ತಲೆ ಅಲ್ಲಾಡಿಸಿದರು. “ಗಂಡ ಹೆಂಡತಿಗೆ ಹೇಳಿದ ಮಾತು ಹೆಂಡತಿ ಸಾಕ್ಷಿ ಹೇಳಾಕ ಬರೂದಿಲ್ಲವ್ವಾ, ಗಂಡ ಒಪ್ಪಿದ್ರಷ್ಟ” ಎಂದರು. ನಾನು ಸಹಿ ಮಾಡುವುದಿಲ್ಲ. ನೀವು ಒಪ್ಪಿಗೆ ಕೊಡಿ, ಇಲ್ಲವೇ ನೀವೇ ಬಂದು ಹೇಳಿ. ಉತ್ತರ ಬರೆಯಿರಿ, ಫೋನ್ ಮಾಡಬೇಡಿ.

ಇಂತಿ,
ಸುಜಾತಾ

ತಾ.ಕ.: ನೀವು ಸೇರಿದ್ದು ಯಾವ ಕಂಪನಿ ಎಂದು ಅತ್ತೆಗೆ ನಾನು ಈವರೆಗೆ ಹೇಳಿಲ್ಲ. ಪುಣೆಯಲ್ಲಿ ಒಂದು ಆಟದ ಕಂಪನಿ ಎಂದಷ್ಟೇ ಗೊತ್ತು. ಮಗನ ಬಗ್ಗೆ ಓಣಿಯಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾರೆ.

*

ಪುಣೆ
೧೪ ಆಗಸ್ಟ್ ೨೦೦೬

ಪ್ರೀತಿಯ ಸುಜಾತಾ,

ನಿನ್ನ ಪತ್ರ ತಲುಪಿತು. ಲಕೋಟೆಯಲ್ಲಿ ನಾನು ಒಂದು ಸಾಲು ಬರೆಯಲಿಲ್ಲ ಎಂಬುದು ಖರೆ. ಮೂರು ಸಲ ಬರೆದು ಹರಿದೆ. ಏನು ಬರೆದರೂ ನಿನಗೆ ಅದು ವ್ಯಾಪಾರದ ಮಾತಿನಂತೆ ಕೇಳುತ್ತದೆ ಎಂದು ಬಿಟ್ಟುಬಿಟ್ಟೆ.

ನೀನು ಎಲ್ಲವನ್ನೂ ಒಂದೇ ಕಡೆಯಿಂದ ನೋಡುತ್ತೀ. ಹೆಸರುಗಳು ಲೀಗಿನವರ ಆಸ್ತಿ. ತಂಡ ಕಟ್ಟಿದವರು ಅವರು, ಸ್ಟೇಡಿಯಂ ತುಂಬಿಸಿದವರು ಅವರು. ತಮ್ಮ ಹೊಲವನ್ನು ಮೂವರಿಗೆ ಕೋರಿಗೆ ಉಳಲು ಕೊಡಬೇಕೋ ಒಬ್ಬನಿಗೇ ಕೊಡಬೇಕೋ ಎಂಬುದು ಹೊಲದವರಿಗೆ ಬಿಟ್ಟದ್ದು. ಒಬ್ಬನಿಗೇ ಐದು ವರ್ಷ ಸಿಕ್ಕರೆ ಅವನು ಬಾವಿ ತೋಡುತ್ತಾನೆ, ಮೂವರಿದ್ದರೆ ಯಾರೂ ತೋಡುವುದಿಲ್ಲ. ಇಲ್ಲಿ ನಾನು ಬಾವಿ ತೋಡುವುದನ್ನು ನೋಡುತ್ತಿದ್ದೇನೆ. ಆಟಗಾರರನ್ನು ಕರೆಸಿ, ಮೈಗೆಲ್ಲ ಗುಂಡಿ ಅಂಟಿಸಿ, ಅವರ ಓಟವನ್ನೇ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಲಕಮನಹಳ್ಳಿಯ ಶೆಡ್ಡಿನಲ್ಲಿ ಕರೆಂಟು ಹೋದಾಗಲೆಲ್ಲ ಮೇಣಬತ್ತಿ ಹಿಡಿದು ಕೂರುತ್ತಿದ್ದ ನಮಗೆ ಇದು ಈ ಜನ್ಮದಲ್ಲಿ ಆಗುತ್ತಿತ್ತೇ? ಈ ವರ್ಷದ ಆಟ ಹಳೆಯದೇ ಇರಬಹುದು, ಮುಂದಿನದು ಹಾಗಿರುವುದಿಲ್ಲ.

ಬೆಲೆ ಇಳಿಸಬ್ಯಾಡ ಎಂದು ನಾನು ಕೈ ಮುಗಿದಿದ್ದೆ. ನಮ್ಮ ಲೀಗು ಭಜಿ ಅಂಗಡಿಯ ತಟ್ಟೆಯ ರೇಟಿಗೆ ಮಾರಾಟವಾಗುತ್ತಿದೆ ಎಂದು ಲೀಗಿನವರಿಗೆ ಅವಮಾನವಾಯಿತು. ಆ ಸಿಟ್ಟೇ ಈ ಐದು ವರ್ಷದ ಒಪ್ಪಂದವಾಗಿ ಬಂತು. ನಿನ್ನನ್ನು ದೂರುತ್ತಿಲ್ಲ. ಆದರೆ ನೀನು ಯುದ್ಧ ಶುರು ಮಾಡಿ ನನ್ನನ್ನು ಓಡಿಹೋದವನು ಎನ್ನಬಾರದು.

ಇಲ್ಲಿ ನನ್ನ ಕೈಕೆಳಗೆ ಹನ್ನೆರಡು ಜನರಿದ್ದಾರೆ. ‘ಮೈದಾನ’ದ ಹಕ್ಕು ಕೊಟ್ಟರೆ ನಿನ್ನನ್ನೂ ತೆಗೆದುಕೊಳ್ಳುತ್ತಾರೆ, ನಾನು ಮಾತಾಡಿದ್ದೇನೆ. ನಿನ್ನ ತಿರುವು ನಿಂತುಹೋಗುವುದಿಲ್ಲ. ಲಕ್ಷಗಟ್ಟಲೆ ಮಂದಿ ಆಡುವ ಆಟದೊಳಗೆ ಅದು ಇರುತ್ತದೆ. ಇದನ್ನು ಸೋಲು ಎಂದುಕೊಳ್ಳಬೇಡ.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಫೆಬ್ರವರಿಯ ಆ ಸಭೆಯಲ್ಲಿ ನೀನು ಬರೆದಂಥ ಮಾತು ನಡೆದದ್ದು ನನಗೆ ನೆನಪಿಲ್ಲ. ನಿನಗೆ ನಾನು ಹಾಗೆ ಹೇಳಿದ್ದೂ ನೆನಪಿಲ್ಲ. ಪ್ರಯಾಣದ ದಣಿವಿನಲ್ಲಿ, ಸಿಟ್ಟಿನಲ್ಲಿ ಇನ್ನೇನೋ ಅಂದಿರಬಹುದು, ನೀನು ಅದನ್ನು ಹೀಗೆ ಕೇಳಿಸಿಕೊಂಡಿರಬಹುದು. ಆದ್ದರಿಂದ ಒಪ್ಪಿಗೆ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಮನಸ್ಸಿಗೆ ಕಷ್ಟವಾಗುತ್ತಿದೆ. ಅಷ್ಟನ್ನಾದರೂ ನಂಬು.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ,
ರಾಜರತ್ನ

ತಾ.ಕ.: ಈ ಪತ್ರವನ್ನು ಶಾಂತಯ್ಯನವರಿಗೆ ತೋರಿಸಿದರೂ ನನ್ನ ಅಡ್ಡಿಯಿಲ್ಲ. ಅವ್ವನ ಮುಂದೆ ಮಾತ್ರ ಓದಬೇಡ.

*

ಧಾರವಾಡ
೨೮ ಆಗಸ್ಟ್ ೨೦೦೬

ರಾಜರತ್ನ ಅವರಿಗೆ,

ನಿಮ್ಮ ಪತ್ರ ತಲುಪಿದ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಅಂಚೆಯವನು ಬಂದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ನಿಮ್ಮ ಅಕ್ಷರ ಅವರಿಗೆ ಓದಲು ಬರದಿದ್ದರೂ ಗುರುತು ಹತ್ತುತ್ತದೆ. ಲಕೋಟೆ ಹಿಡಿದೇ ಒಳಗೆ ಬಂದರು. “ವರ್ಷಾತು, ಫೋನಿನ್ಯಾಗ ಆರಾಮ ಅದೀ ಏನವ್ವಾ ಅಂತಾನ, ಇಟ್ಟಬಿಡ್ತಾನ. ಕಾಗದಾ ಬರದಾನಂದ್ರ ಏನರ ಇರತೈತಿ. ಓದು” ಎಂದರು. ಆಮೇಲೆ ಓದುತ್ತೇನೆ ಎಂದೆ. ಎದುರಿಗೇ ಕೂತರು. ನಾನು ಮೊದಲು ಓದಿಕೊಂಡಿರಲಿಲ್ಲ. ಕೆಟ್ಟದ್ದು ಬಂದರೆ ದಾಟಿಸಿಬಿಡೋಣ ಎಂದುಕೊಂಡು ಜೋರಾಗಿ ಓದತೊಡಗಿದೆ. ಒಮ್ಮೆ ಶುರುವಾದ ಮೇಲೆ ದಾಟಿಸಲು ಆಗಲಿಲ್ಲ. ನೀವು ಅಷ್ಟು ಚೆನ್ನಾಗಿ ಬರೆದಿದ್ದಿರಿ. ಕೊನೆಯ ಸಾಲು ಬಾಯಿಂದ ಹೊರಬಿದ್ದ ಮೇಲೆಯೇ ನನಗೆ ಅದರ ಅರ್ಥ ತಿಳಿದದ್ದು.

ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು. ಆಮೇಲೆ ಕೇಳಿದರು, “ನಮ್ಮ ಆಟಾ ಮುಚ್ಚಿಸಿದ ಕಂಪನಿ ಇದ ಏನು?” ಹೌದೆಂದೆ. “ನನ್ನ ಮುಂದ ಓದಬ್ಯಾಡ ಅಂತ ಯಾಕ ಬರದಾನ?” ಎಂದರು. ನೀವು ನೊಂದುಕೊಳ್ಳುತ್ತೀರಿ ಅಂತ ಇರಬೇಕು ಅತ್ತಿ ಎಂದೆ. “ಅಲ್ಲ” ಎಂದರು. “ಅವತ್ತ ನಾ ಹಿತ್ತಲದಾಗ, ಅಡಗಿಮನಿ ಬಾಗಲದಾಗ ಜ್ವಾಳಾ ಹಸನ ಮಾಡಾಕತ್ತಿದ್ದೆ. ಹೇಳಿ ಮುಗಿಸಿ ಅಂವಾ ಹಿತ್ತಲಕ ಬಂದಾ, ನನ್ನ ನೋಡಿ ಗಪ್ಪಾದ. ನಾ ಕೇಳೇನಿ ಅನ್ನೂದು ಅವಗ ಗೊತ್ತೈತಿ. ಅದಕ್ಕ ಹಂಗ ಬರದಾನ.”

ನನಗೆ ಇದು ಗೊತ್ತಿರಲಿಲ್ಲ, ನಂಬಿ. ಅಷ್ಟು ದಿನ ಅವರು ಒಂದು ಮಾತೂ ಆಡಿರಲಿಲ್ಲ. ಗಂಡ ಹೆಂಡಿರ ಮಾತು ಎಂದು ಸುಮ್ಮನಿದ್ದರಂತೆ.

ಮರುದಿನ ಬೆಳಿಗ್ಗೆ ಎದ್ದಾಗ ಅವರು ಇಳಕಲ್ ಸೀರೆ ಉಟ್ಟು ಸಿದ್ಧರಾಗಿ ಕೂತಿದ್ದರು. ಶಾಂತಯ್ಯನವರ ಮನೆಗೆ ಕರೆದುಕೊಂಡು ಹೋಗು ಎಂದರು. ನಾನು ತಡೆದೆ. ಮಗನ ನೌಕರಿ ಹೋಗುತ್ತದೆ ಅತ್ತಿ, ಇದು ನನ್ನ ಜಗಳ, ನಿಮ್ಮದಲ್ಲ ಎಂದೆ. ಎಷ್ಟು ಗಟ್ಟಿಯಾಗಿ ತಡೆದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. “ನೌಕರಿ ಹೋದ್ರ ಇನ್ನೊಂದ ಸಿಗತೈತಿ. ಹೇಳಿದ್ದ ಹೇಳಿಲ್ಲ ಅನ್ನೂದು ಒಮ್ಮೆ ರೂಢಿ ಬಿತ್ತಂದ್ರ ಅದು ಬಿಡೂದಿಲ್ಲ. ಮೂವತ್ತು ವರ್ಷ ಮಾಸ್ತರಕಿ ಮಾಡಿದವರ ಮಗ ಅಂವಾ” ಎಂದು ಚಪ್ಪಲಿ ಮೆಟ್ಟಿಕೊಂಡರು. ಲೈನ್ ಬಜಾರದ ತನಕ ನನಗಿಂತ ಮುಂದೆಯೇ ನಡೆದರು.

ಶಾಂತಯ್ಯನವರು ಕೇಳಿಸಿಕೊಂಡು ಕನ್ನಡಕ ತೆಗೆದರು. ನಿಮ್ಮ ತಾಯಿಗೆ ನನ್ನ ಹಾಗೆ ಕಾನೂನಿನ ತಡೆ ಇಲ್ಲವಂತೆ. ಅವರ ಮಾತಿನಿಂದ ಸಭೆಯಲ್ಲಿ ಏನಾಯಿತೆಂಬುದು ಸಾಬೀತಾಗುವುದಿಲ್ಲ. ಆದರೆ ಸಭೆಯಲ್ಲಿದ್ದ ನಿಮ್ಮನ್ನು ಕರೆಸಿ, ಪ್ರಮಾಣ ಮಾಡಿಸಿ ಕೇಳಲು ಅಷ್ಟು ಸಾಕಂತೆ. “ಆಮ್ಯಾಲ ಹಿಂದ ಸರಿಯಾಕ ಬರೂದಿಲ್ಲ ಶೇವಂತೆವ್ವಾ, ಇನ್ನೊಮ್ಮೆ ವಿಚಾರ ಮಾಡ್ರಿ” ಎಂದು ಎರಡು ಸಲ ಹೇಳಿದರು. ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ. ಸಾಕ್ಷರತಾ ವರ್ಗದಲ್ಲಿ ಕಲಿತ ಸಹಿಯನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹಾಕಿದರು.

ನಿಮಗೆ ನೋಟೀಸು ಬರುತ್ತದೆ. ತಾಯಿಗೆ ವಯಸ್ಸಾಗಿದೆ ಎಂದು ಆಯೋಗದ ಅಧಿಕಾರಿ ಹುಬ್ಬಳ್ಳಿಗೇ ಬರುತ್ತಾರಂತೆ. ಪ್ರವಾಸಿ ಮಂದಿರದಲ್ಲಿ ಇಬ್ಬರ ಹೇಳಿಕೆಯೂ ಒಂದೇ ದಿನ. ನಿಮ್ಮ ಕಂಪನಿಯ ವಕೀಲರು ಏನು ಹೇಳಿಕೊಡುತ್ತಾರೆ ಎಂದು ಶಾಂತಯ್ಯನವರು ಈಗಲೇ ಹೇಳಿದ್ದಾರೆ. ಮುದುಕಿಗೆ ಕಿವಿ ಮಂದ, ಸೊಸೆ ಹೇಳಿಕೊಟ್ಟದ್ದನ್ನು ಹೇಳುತ್ತಾಳೆ ಎನ್ನಿ, ಸಾಕು, ಎನ್ನುತ್ತಾರಂತೆ. ನೀವು ಹಾಗೆ ಹೇಳಿದರೆ ದೂರು ಅಲ್ಲಿಗೆ ಬಿತ್ತು. ನಾನು ನಿಮ್ಮನ್ನು ಬೇಡಿಕೊಳ್ಳುವುದಿಲ್ಲ. ಆ ದಿನ ಅವರು ಹೊರಗಿನ ಕಟ್ಟಿಗೆಯ ಬಾಕಿನ ಮೇಲೆ ಕೂತಿರುತ್ತಾರೆ ಎಂಬುದನ್ನು ಮಾತ್ರ ಮೊದಲೇ ತಿಳಿಸುತ್ತಿದ್ದೇನೆ.

ಇಂತಿ,
ಸುಜಾತಾ

ತಾ.ಕ.: ನಿಮ್ಮ ಕಂಪನಿಯ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಹರಿದು ಹಾಕಲೂ ಆಗಿಲ್ಲ. ಅತ್ತೆಯ ಮುಖ ನೋಡಿದಾಗಲೆಲ್ಲ ಪೆನ್ನು ತೆಗೆದುಕೊಳ್ಳೋಣ ಅನ್ನಿಸುತ್ತದೆ.

*

ಧಾರವಾಡ
೧೧ ಮಾರ್ಚ್ ೨೦೦೭

ರಾಜರತ್ನ ಅವರಿಗೆ,

ಜೈ ಭೀಮ. ನವೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಹೇಳಿಕೆ ಆದಮೇಲೆ ನಿಮ್ಮಿಂದ ಪತ್ರವಿಲ್ಲ, ಫೋನೂ ಇಲ್ಲ. ನಾನೂ ಬರೆಯಲಿಲ್ಲ. ಏನೆಂದು ಬರೆಯಬೇಕೆಂದು ಗೊತ್ತಾಗಲಿಲ್ಲ.

ಆ ದಿನ ಒಳಗೆ ನೀವು ಹೇಳಿದ್ದು ನಿಮಗೆ ಗೊತ್ತು. ಹೊರಗೆ ಏನಾಯಿತೆಂಬುದು ಗೊತ್ತಿಲ್ಲ. ಅದನ್ನು ನಿಮಗೆ ಹೇಳಬೇಕು.

ಮೊದಲು ಅತ್ತೆಯನ್ನು ಕರೆದರು. ವಕೀಲರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ, ಹೀಗಾಗಿ ಅವರು ಏನು ಹೇಳಿದರೆಂದು ನನಗೆ ತಿಳಿದದ್ದು ಶಾಂತಯ್ಯನವರಿಂದ. ನಿಮ್ಮ ಕಂಪನಿಯ ವಕೀಲರು ಕಾಗದ ತಿರುವುತ್ತ, ತುಟಿ ಅಲ್ಲಾಡದ ಹಾಗೆ, ಅಜ್ಜಿ ನಿಮ್ಮ ಊರು ಯಾವುದು ಎಂದು ಪಿಸುಗುಟ್ಟಿದರಂತೆ. ಕಿವಿ ಪರೀಕ್ಷೆ. ಅತ್ತೆ, “ನಮ್ಮೂರು ಮುಗದ. ಇಷ್ಟ ಸಣ್ಣ ದನೀಲೆ ಯಾಕ ಕೇಳ್ತೀಯಪಾ, ಜ್ವಾರಲೆ ಕೇಳಾಕ ಅಂಜಿಕಿ ಏನು?” ಎಂದರಂತೆ. ಅಧಿಕಾರಿ ಕೂಡ ಮುಗುಳ್ನಕ್ಕರಂತೆ. ಆದರೆ ಹೊರಗೆ ಬಂದಾಗ ಅತ್ತೆಯ ಮುಖದಲ್ಲಿ ನಗುವಿರಲಿಲ್ಲ. ಬಾಕಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

ನೀವು ಕಾರಿನಿಂದ ಇಳಿದು ಮೂವರು ಕರಿ ಕೋಟಿನ ವಕೀಲರ ನಡುವೆ ನಡೆದು ಬಂದಿರಿ. ಸೊರಗಿದ್ದಿರಿ. ಬಾಕಿನ ಹತ್ತಿರ ಬಂದಾಗ ನಿಮ್ಮ ನಡಿಗೆ ನಿಧಾನವಾದದ್ದನ್ನು ನಾನು ನೋಡಿದೆ. ಅತ್ತೆ ತಲೆ ಎತ್ತಲಿಲ್ಲ. ನೀವು ಒಳಗೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು. ಅಷ್ಟು ಗಟ್ಟಿಯಾಗಿ ಯಾರೂ ನನ್ನ ಕೈ ಹಿಡಿದಿರಲಿಲ್ಲ. “ನನಗ ಕಿವಿ ಕೇಳೂದಿಲ್ಲ ಅಂತ ಅಂದ್ರ ಅನ್ನಲಿ ಬಿಡು. ನೀ ಅವನ ಮ್ಯಾಲ ಸಿಟ್ಟಾಗಬ್ಯಾಡ” ಎಂದರು. ಆಗ ನಾನು ಒಂದು ನಿರ್ಧಾರ ಮಾಡಿದೆ. ನೀವು ಹಾಗೆ ಅಂದದ್ದೇ ಆದರೆ ದೂರೂ ಬೇಡ, ‘ಮೈದಾನ’ವೂ ಬೇಡ, ಈ ಮುದುಕಿಯನ್ನು ಇನ್ನೊಮ್ಮೆ ಯಾರ ಮುಂದೆಯೂ ನಿಲ್ಲಿಸುವುದಿಲ್ಲ.

ಬಾಗಿಲು ತೆರೆಯಿತು. ನೀವು ಒಬ್ಬರೇ ಹೊರಗೆ ಬಂದಿರಿ. ಜೊತೆಗೆ ಬಂದಿದ್ದವರು ಒಳಗೇ ಉಳಿದರು. ನಮ್ಮ ಕಡೆ ನೋಡದೆ, ಕಾರಿನ ಕಡೆಗೂ ಹೋಗದೆ ಗೇಟು ದಾಟಿ ರಸ್ತೆಗೆ ಇಳಿದಿರಿ. ನಾನು ಎದ್ದ ಕೂಡಲೇ ಅತ್ತೆ ಕೂಡಿಸಿದರು. ಶಾಂತಯ್ಯನವರು ಬಂದು, ನೀವು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದರು. “ನನ್ನ ತಾಯಿಯ ಕಿವಿ ಚಲೋ ಅದಾವು. ಆ ಮಾತು ನಾನ ಹೇಳೇನಿ. ಆ ಖೋಲ್ಯಾಗ ಹಂಗ ನಡದೈತಿ, ನಾ ಅಲ್ಲೆ ಇದ್ದೆ.” ಅಂಗಡಿಗಳಿಗೆ ಹಾಕಿದ ಷರತ್ತನ್ನೂ ಕೇಳುವ ಮೊದಲೇ ಹೇಳಿದಿರಂತೆ.

ಗೆದ್ದೆವು ಎಂದು ನಾನು ಅತ್ತೆಯ ಕಡೆ ತಿರುಗಿದರೆ ಅವರು ಅಳುತ್ತಿದ್ದರು. “ಹೋತು ನೋಡು ಅವನ ನೌಕರಿ” ಎಂದರು. ಆಮೇಲೆ ಶಾಂತಯ್ಯನವರ ಕೋಟಿನ ತೋಳು ಹಿಡಿದು, “ಮಗನ ಎಲ್ಲಾ ಹೇಳ್ಯಾನಲ್ರಿ, ಇನ್ನ ನನ್ನ ಮಾತು ಯಾಕ ಬೇಕು? ನಂದು ಅಳಿಸಿಬಿಡ್ರಿ. ತಾಯಿ ಮಗನ ಮ್ಯಾಲ ಸಾಕ್ಷಿ ಹೇಳಿದ್ಲು ಅಂತ ಎಲ್ಲೂ ಉಳೀಬಾರದು” ಎಂದರು. ಅಳಿಸಲು ಬರುವುದಿಲ್ಲ ಎಂದು ಅವರು ತಿಳಿಸಿ ಹೇಳುವ ಹೊತ್ತಿಗೆ ಸಾಕುಬೇಕಾಯಿತು. ಮನೆಗೆ ಬರುವ ತನಕ ಅತ್ತೆ ಬಸ್ಸಿನ ಕಿಟಕಿಯಲ್ಲಿ ನಿಮ್ಮನ್ನು ಹುಡುಕುತ್ತಿದ್ದರು.

ಆಯೋಗದ ಆದೇಶ ಹೋದ ವಾರ ಬಂತು. ಪೂರ್ತಿ ಗೆಲುವಲ್ಲ. ಹೆಸರು ಯಾರಿಗೆ ಕೊಡಬೇಕೆಂಬುದು ಲೀಗಿನವರ ಇಷ್ಟ, ಅದು ಪುಣೆಯವರ ಹತ್ತಿರವೇ ಇರುತ್ತದೆ ಎಂದಿದ್ದಾರೆ. ಅಷ್ಟರ ಮಟ್ಟಿಗೆ ನಿಮ್ಮ ಹೊಲದ ಮಾತು ಸರಿಯಾಯಿತು. ಆದರೆ ಬೇರೆ ಆಟ ಇಡಬಾರದೆಂದು ಅಂಗಡಿಗಳಿಗೆ ಹೇಳುವಂತಿಲ್ಲ, ಆ ಷರತ್ತು ಇಂದಿನಿಂದಲೇ ರದ್ದು ಎಂದಿದ್ದಾರೆ. ಗೌಸಮೊದ್ದೀನ ಸಂಜೆಯೇ ಆಟೋ ತಂದು ಡಬ್ಬಿ ತುಂಬಿಕೊಂಡು ಹೋದ. ಎರಡು ಆಟ ಅಕ್ಕಪಕ್ಕ ಇಟ್ಟಿದ್ದಾನೆ. ಹೆಸರು ಬೇಕಾದವರು ಪುಣೆಯದನ್ನು ಕೊಳ್ಳುತ್ತಾರೆ. ಕೆಲವರು ಕಾಸಿಮಸಾಬರ ದನಿ ಕೇಳಲೆಂದೇ ನಮ್ಮದನ್ನು ಕೊಳ್ಳುತ್ತಾರೆ. “ಅವರು ಹೊಡದ್ರು ನೋಡ್ರಿ” ಎಂದು ಕಾಲೇಜು ಹುಡುಗರು ರಸ್ತೆಯಲ್ಲಿ ಅಣಕಿಸುತ್ತಾರಂತೆ. ಪುಣೆಯವರು ಬೆಲೆ ಇಳಿಸಿದ್ದಾರೆ. ಚೆನ್ನೈನವರು ಮತ್ತೆ ಬರಲಿಲ್ಲ, ಅವರ ಮಳೆಯ ಪಿಚ್ಚನ್ನು ನಾನು ಇನ್ನೂ ಮರೆತಿಲ್ಲ. ನಮ್ಮದು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ. ಹೊಸ ಆವೃತ್ತಿಗೆ ಗಾಳಿಯ ಬೀಸನ್ನು ಬರೆಯುತ್ತಿದ್ದೇನೆ.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ‘ನೆನಪಿಲ್ಲ’ ಎಂದು ನೀವು ಬರೆದ ಆ ಸಾಲು ರೊಟ್ಟಿ ಬಡಿಯುವಾಗ, ಕೆಲಸ ಮಾಡುವಾಗ, ಹಠಾತ್ತನೆ ನೆನಪಾಗುತ್ತದೆ. ಮೈ ಉರಿಯುತ್ತದೆ. ಆ ಸಾಲಿನ ಹಿಂದೆಯೇ ನೀವು ಒಬ್ಬರೇ ಗೇಟು ದಾಟಿ ಹೋದದ್ದೂ ನೆನಪಾಗುತ್ತದೆ. ಎರಡೂ ಇವೆ. ಸದ್ಯಕ್ಕೆ ಅಷ್ಟೇ ನನಗೆ ಗೊತ್ತಿರುವುದು.

ಇಂತಿ,
ಸುಜಾತಾ

ತಾ.ಕ.: ಈ ಪತ್ರವನ್ನು ಪುಣೆಗೆ ಹಾಕುತ್ತಿಲ್ಲ, ಕಾಸಿಮಸಾಬರ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಜನವರಿಯಿಂದ ಇಲ್ಲೇ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಬಾಡಿಗೆ ಖೋಲಿ ಹಿಡಿದು ಇದ್ದೀರೆಂದು ನನಗೆ ಗೊತ್ತು. ಅತ್ತೆಗೆ ಹೇಳಿಲ್ಲ. ಹೇಳಿದರೆ ಆ ಕ್ಷಣವೇ ಬಸ್ಸು ಹತ್ತಿ ನಿಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅದು ಆಗಬಾರದು. ಈ ಸಲ ಮೊದಲು ಬರಬೇಕಾದವರು ನೀವು.